ನನ್ನ ಗಸಿ, ನನ್ನ ಗೆರೆ

ಜುಲೈ 21, ಬೆಳಿಗ್ಗೆ 6
ಐದು ಸಿಗರೇಟಿನ ಮೇಲೆ ಚಿತ್ರ ಬರೆದು ಮುಗಿಸಿದೆ. ಕಾಫಿ ಗಸಿ ಇವತ್ತು ನುಣುಪಾಗಿತ್ತು. ಒಂದು ಹನಿ ಗಟ್ಟಿ ಹಾಲು ಬೆರೆಸಿ ಹಲ್ಲುಕಡ್ಡಿಯಿಂದ ಬರೆದೆ. ಮೊದಲೇ ಯೋಚಿಸಿದ್ದೇನಿಲ್ಲ. ಬಳ್ಳಿ ಶುರುವಾಯಿತು, ಹಾವಾಯಿತು, ಹಾವಿನ ಹೊಟ್ಟೆಯಲ್ಲಿ ಮೀನು… ನಮ್ಮ ಯಜಮಾನರು ಅವನ್ನು ಒಣಗಿಸಿ ಜೇಬಿಗಿಟ್ಟುಕೊಂಡು ಗಿಮುನ್ ಮಾಮನ ಕಾಫಿ ಅಂಗಡಿಗೆ ಹೋದರು. ಅಲ್ಲಿ ಗಂಡಸರೆಲ್ಲ ಸಿಗರೇಟಿನ ಮೇಲೆ ಗಸಿಯಲ್ಲಿ ಬರೆಯುತ್ತಾರೆ, ಆಮೇಲೆ ಸೇದುತ್ತಾರೆ. ನಮ್ಮೂರು ತುಲುಂಗಾಗುಂಗ್‌ನವರಿಗೆ ಅದೊಂದು ಹುಚ್ಚು. ಇವರು ಮಾತ್ರ ಮನೆಯಿಂದ ಬರೆದದ್ದನ್ನು ಒಯ್ಯುತ್ತಾರೆ—"ನನಗೆ ಏಕಾಂತ ಬೇಕು" ಅನ್ನುತ್ತಾರಂತೆ! ಎಲ್ಲರ ಬಾಯಲ್ಲೂ ಇವರು "ಕಸ್ಬುನ್ ಮೇಷ್ಟ್ರು", ಗಸಿ ಚಿತ್ರದ ಗುರು. ಹನ್ನೊಂದು ವರ್ಷದಿಂದ. ಒಂದು ಗೆರೆಯೂ ಇವರದಲ್ಲ.

ಜುಲೈ 29
ಆಗಸ್ಟ್ 17ಕ್ಕೆ, ನಮ್ಮ ದೇಶದ ಸ್ವಾತಂತ್ರ್ಯ ದಿನಕ್ಕೆ, ಅಂಗಡಿಯಲ್ಲಿ ಗಸಿ ಚಿತ್ರದ ಸ್ಪರ್ಧೆ. ಎಲ್ಲರೆದುರು, ಅಲ್ಲೇ ಕೂತು ಬರೆಯಬೇಕು. ಗೆಳೆಯರು ಮೊದಲು ಬರೆಸಿದ್ದೇ ಇವರ ಹೆಸರು. ಊಟ ಸೇರಲಿಲ್ಲ ಇವರಿಗೆ.
"ನಾನೇ ಹೋಗ್ಲಾ?" ಅಂದೆ.
"ತಲೆ ಕೆಟ್ಟಿದ್ಯೇನೇ ತುಮಿ? ಅಷ್ಟು ಗಂಡಸರ ಮಧ್ಯೆ? ನನ್ನ ಮಾನ ಏನಾಗ್ಬೇಕು?"
ಮತ್ತೆ ನನ್ನ ಮಾನ? ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಜುಲೈ 30
ಇನ್ನು ಸಿಗರೇಟು ಬರೆಯುವುದಿಲ್ಲ. ಹೇಳಿಬಿಟ್ಟೆ. ಪ್ಯಾಕೆಟ್ಟು ಇದ್ದ ಹಾಗೇ ಕೈಗೆ ಕೊಟ್ಟೆ.

ಆಗಸ್ಟ್ 14
ಇವರ ಬಲಗೈಗೆ ಬ್ಯಾಂಡೇಜು. ಕಲ್ಲು ಬಿತ್ತಂತೆ. ಅಮೃತಶಿಲೆ ಕೊರೆಯುವ ಕೆಲಸ, ಊರಲ್ಲಿ ಯಾರಿಗೂ ಅನುಮಾನವಿಲ್ಲ. ಮನೆಯೊಳಗೆ ಅದೇ ಕೈಯಲ್ಲಿ ಕೋಳಿ ಕಾಲು ಹಿಡಿದು ಕಚ್ಚುತ್ತಾರೆ! ಗಿಮುನ್ ಮಾಮ ನೋಡಲು ಬಂದಿದ್ದರು. "ಇಂಥಾ ಕೈಗೆ ಹೀಗಾಗಬಾರದಿತ್ತು ಕಣಮ್ಮಾ." ಕಾಫಿ ಕೊಟ್ಟೆ. ನನ್ನ ಕೈಯಿಂದಲೇ.

ಆಗಸ್ಟ್ 17, ಮಧ್ಯಾಹ್ನ
ಹೋದೆ. ಸ್ಪರ್ಧೆಗೆ, ಒಬ್ಬಳೇ.
ಬೆಂಚಿನ ಮೇಲೆ ಕೂತೆ. ನಕ್ಕರು. "ಪಾರ್ಸೆಲ್ಲಾ ಅಕ್ಕಾ?" ಅಂದ ಒಬ್ಬ. ಗಿಮುನ್ ಮಾಮ ತಲೆ ಕೆರೆದುಕೊಂಡರು—"ಹೆಸರು ಬರೆಸಿಲ್ವಲ್ಲಮ್ಮ, ಸಿಗರೇಟು ಕೊಡಕ್ಕಾಗಲ್ಲ."
"ನಿಮ್ಮ ಸಿಗರೇಟು ಯಾರಿಗೆ ಬೇಕು?"
ಯಾರೋ ಕುಡಿದಿಟ್ಟ ಲೋಟದ ಗಸಿ ತಟ್ಟೆಗೆ ಸುರಿದುಕೊಂಡೆ. ಮೇಜಿನ ಮೇಲೆ ಸೋಯಾ ಸಾಸು. ಸುಟ್ಟ ಬೆಂಕಿಕಡ್ಡಿ. ಬಾಳೆಹಣ್ಣಿನ ಬಜ್ಜಿ ಸುತ್ತಿದ್ದ ಕಾಗದ. ಎಣ್ಣೆ ಕೂತಲ್ಲಿ ಗಸಿ ಹಿಡಿಯಲಿಲ್ಲ—ಅದನ್ನೇ ಚಂದ್ರ ಮಾಡಿದೆ. ಚಂದ್ರನ ಸುತ್ತ ಬಳ್ಳಿ. ಬಳ್ಳಿ ತುಂಬ ಮೀನು. ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.
ಗಿಮುನ್ ಮಾಮ ಕನ್ನಡಕ ಏರಿಸಿ ಬಗ್ಗಿದರು. "ಇದು ಕಸ್ಬುನ್ ಕೈ ಅಲ್ವಾ!"
"ಅವರ ಕೈ ಮನೇಲಿದೆ, ಬ್ಯಾಂಡೇಜಲ್ಲಿ. ಇದು ನಂದು. ಹನ್ನೊಂದು ವರ್ಷ ನೀವೆಲ್ಲ ಹೊಗಳಿದ್ದೂ ನಂದೇ."
ಪಾರ್ಸೆಲ್ ಕೇಳಿದವ ಎದ್ದು ಬಂದು ಕಾಗದ ನೋಡಿದ.
ಬಹುಮಾನ ಬೇರೆಯವನಿಗೆ. ನಿಯಮವಂತೆ. ನನ್ನ ಕಾಗದವನ್ನು ಮಾಮ ಗೋಡೆಗೆ ಅಂಟಿಸಿದರು. ಹೆಸರು ಹಾಕಿ ಅಂದೆ. ಹಾಕಿದರು. ಒಂದಕ್ಷರ ತಪ್ಪಿತ್ತು. ತಿದ್ದಿಸಿದೆ.

ಆಗಸ್ಟ್ 20, ಸಂಜೆ
ಇವರು ಮೂರು ದಿನದಿಂದ ಅಂಗಡಿ ಕಡೆ ಹೋಗಿಲ್ಲ.
"ಯಾವ ಮುಖ ಹೊತ್ಕೊಂಡು ಅಂಗಡಿಗೆ ಹೋಗ್ಲಿ, ಹೇಳು?"
"ಯಾವ ಮುಖ ಬೇಕೋ ಹೇಳಿ, ಬರೆದುಕೊಡ್ತೀನಿ."
ಕೂಗಾಡುತ್ತಾರೆ ಅಂದುಕೊಂಡೆ. ಇವರ ತುಟಿ ಅಲುಗಿತು—ನಗುವೋ, ಅಳುವೋ. ಒಲೆಯಿಂದ ತಣ್ಣಗಿನ ಇದ್ದಿಲು ತೆಗೆದು ಅಡುಗೆಮನೆ ಗೋಡೆಯ ಮೇಲೇ ಇವರ ಮುಖ ಬರೆಯತೊಡಗಿದೆ. "ಅಲ್ಲಾಡ್ಬೇಡಿ." ನಿಂತರು. ಮೂಗು ಬಂತು, ಗದ್ದ ಬಂತು. ಕಣ್ಣು ಇನ್ನೂ ಇಲ್ಲ. ನೆಲ ನೋಡುತ್ತಾ ನಿಂತಿದ್ದಾರೆ. ಮುಖ ಎತ್ತುವವರೆಗೂ ನಾನು ಕಣ್ಣು ಬಿಡಿಸುವುದಿಲ್ಲ. ಇದನ್ನು ಗೀಚುತ್ತಾ ಕಾಯುತ್ತಿದ್ದೇನೆ. ಅಗೋ, ಎತ್ತಿದರು! ಇದ್ದಿಲೆಲ್ಲಿ—