ಕಂಬ ನನ್ನದು, ರಾಟೆ ಅವನದು

ಮಾರ್ಚ್ 2, ಬೆಳಿಗ್ಗೆ

ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳಿಗೆ ಈ ವಯಸ್ಸಿನಲ್ಲಿ ನೋಟ್‌ಬುಕ್ಕು! ಕೊಟ್ಟವರು ಮೇಷ್ಟ್ರು, ಕಲ್ಲಿದ್ದಲು ಸಾಗಣೆ ಬೇಡವೆನ್ನುವ ನಮ್ಮ ಹೋರಾಟ ಸಮಿತಿಯ ಹಿರಿಯ ತಲೆ. ಮೊನ್ನೆ ಸಭೆಯಲ್ಲಿ ಕಂಪನಿ ಆಫೀಸರನಿಗೆ ಕಲ್ಲಿದ್ದಲು ಮೇಯುವ ಕತ್ತೆ ಅಂದೆ. ಅಂದಿನಿಂದ ನನಗೆ ಮೈಕ್ ಬಂದ್. "ಅಜ್ಜಿ, ಬೈಗುಳ ಎಲ್ಲಾ ಇದರಲ್ಲಿ ಬರ್ಕೊಳ್ಳಿ, ಯಾರೂ ಓದಲ್ಲ" ಅಂದರು. ಯಾರೂ ಓದದ್ದನ್ನು ಬರೆಯುವುದು ಯಾವ ಸೀಮೆ ಕೆಲಸವೋ.

ಎಂದಿನಂತೆ ಸ್ಪ್ಯಾನರ್‌ನಿಂದ ತಂತಿಹಗ್ಗಕ್ಕೆ ಎರಡು ಏಟು. ಹೊಳೆಗೆ ಅಡ್ಡ ಕಟ್ಟಿದ ಈ ಹಗ್ಗ ಹಿಡಿದೇ ನನ್ನ ದೋಣಿ ಜನರನ್ನು ದಾಟಿಸುವುದು. ಆಚೆ ದಡದಿಂದ ತಮ್ಮನ ಎರಡು ಏಟು. ಕೈಯಿಟ್ಟರೆ ಜುಂ ಅನ್ನುತ್ತದೆ. ಹಗ್ಗ ಬಿಗಿಯಿದೆ, ದೋಣಿ ಬಿಡು ಅಂತ ಅರ್ಥ. ಅಪ್ಪ ಹಂಚಿದ್ದೇ ಹೀಗೆ — ಈ ದಡದ ಕಂಬ, ದೋಣಿ ನನಗೆ. ಆ ದಡದಲ್ಲಿ ಹಗ್ಗ ಸುತ್ತುವ ರಾಟೆ ಅವನಿಗೆ. ಬಿಗಿಯುವುದೂ ಸಡಿಲಿಸುವುದೂ ಅವನೇ.

ಮಾರ್ಚ್ 4

ಕೋರ್ಟಿನಲ್ಲಿ ಸೋತೆವು. ಇಪ್ಪತ್ತಕ್ಕೆ ಮೊದಲ ಬಾರ್ಜ್, ಸರಕು ಹೊರುವ ದೊಡ್ಡ ಚಪ್ಪಟೆ ದೋಣಿ. ಮೇಲಿನ ಜೆಟ್ಟಿಯಿಂದ ಕಲ್ಲಿದ್ದಲು ಹೊಳೆಯಲ್ಲಿಳಿದು ಹಡಗಿಗೆ, ಹಡಗಿನಿಂದ ಪರದೇಶಕ್ಕೆ. ಯಾರದೋ ಒಲೆ ಉರಿಯಲಿಕ್ಕೆ ನಮ್ಮ ಹೊಟ್ಟೆ ಉರಿಯಬೇಕು. ಬರೀ ಟ್ರಯಲ್ ಲೋಡಿಂಗಿಗೇ ಬಾವಿ ನೀರಿನ ಮೇಲೆ ಮಸಿ ಕೆನೆಗಟ್ಟಿದೆ. ಬಾರ್ಜಿಗಾಗಿ ಹಗ್ಗ ಇಳಿಸಿ ನನ್ನ ದೋಣಿ ನಿಂತರೆ ಈ ದಡಕ್ಕೆ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ.

ಅಡ್ಡ ಇರುವುದು ನಮ್ಮ ಹಗ್ಗ ಒಂದೇ. ಸಮಿತಿ ತೀರ್ಮಾನ: ಇಳಿಸುವುದಿಲ್ಲ. ಅವತ್ತು ಎಲ್ಲ ದೋಣಿಗಳನ್ನೂ ಹಗ್ಗದುದ್ದಕ್ಕೆ ಕಟ್ಟಿ, ಮಕ್ಕಳುಮರಿ ಸಮೇತ ಅದರಲ್ಲೇ ಕೂರುವುದು. ತಮ್ಮನೂ ಕೈ ಎತ್ತಿದ. ಕಣ್ಣಾರೆ ಕಂಡೆ.

ಮಾರ್ಚ್ 9

ತಮ್ಮನ ಮಗ ಬಂದ. ನನ್ನ ದೋಣಿಯಲ್ಲೇ ಹುಟ್ಟು ಹಿಡಿಯಲು ಕಲಿತವನು. ಹೊಸ ಯೂನಿಫಾರ್ಮು. ಎದೆಯ ಮೇಲೆ ಕಂಪನಿ ಗುರುತು.

"ಅತ್ತೆ, ಇಪ್ಪತ್ತಕ್ಕೆ ಬಾರ್ಜ್ ನಡೆಸೋನು ನಾನೇ."

"ಥೂ! ಬೇರೆ ಕೆಲಸ ಸಿಗಲಿಲ್ವೇನೋ?"

"ನಾನು ಬಿಟ್ರೆ ಇನ್ನೊಬ್ಬ ಬರ್ತಾನೆ ಅತ್ತೆ. ಅವನಿಗೆ ನಿನ್ನ ಗುರುತಿರಲ್ಲ."

ಒಲೆಯ ಮೇಲೆ ಕಾಫಿಗಿಟ್ಟೆ.

"ಹಗ್ಗ ಬಿಗಿಯಾಗಿ ಮೇಲಿದ್ರೆ ದೂರದಿಂದಲೇ ಕಾಣುತ್ತೆ. ಇಂಜಿನ್ ಹಿಂದಕ್ಕೆ ತಿರುಗಿಸಿ ನಿಲ್ಲಿಸ್ತೀನಿ. ಕೆಲಸ ಹೋದ್ರೆ ಹೋಗ್ಲಿ" ಅಂದ. "ಬಾರ್ಜಲ್ಲಿರೋನು ನಾನು ಅಂತ ಅಪ್ಪನಿಗೆ ಮಾತ್ರ ಹೇಳಬೇಡ, ಹೆದರ್ತಾನೆ."

ಕಾಫಿ ಕೊಟ್ಟೆ. ಲೋಟ ತೊಳೆದಿಟ್ಟು ಹೋದ.

ಮಾರ್ಚ್ 10

ಎರಡು ಏಟು ಹೊಡೆದೆ. ಉತ್ತರವಿಲ್ಲ. ಫೋನ್ ಸ್ವಿಚ್ ಆಫ್. ಮಗ ಹೇಳದಿದ್ದರೇನು, ಬಾರ್ಜ್ ನಡೆಸುವವನು ನಿನ್ನ ಮಗನೇ ಅಂತ ಕಂಪನಿಯವರು ತಾವೇ ತಮ್ಮನಿಗೆ ಹೇಳಿಬಂದಿದ್ದಾರಂತೆ.

ಮಾರ್ಚ್ 15

ಮೇಷ್ಟ್ರನ್ನು ಪೊಲೀಸರು ಎತ್ತಿಕೊಂಡು ಹೋದರು. ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ.

ಸಂಜೆ — ಹಗ್ಗ ಬಗ್ಗಿದೆ. ನಡುಹೊಳೆಯಲ್ಲಿ ನೀರಿಗಿಳಿದಿದೆ. ದಡದಲ್ಲಿ ನಿಂತವರಿಗೆ ಕಟ್ಟಿದ ಹಾಗೇ ಕಾಣುತ್ತದೆ. ತಮ್ಮ ರಾಟೆಯನ್ನು ಅರ್ಧ ಬಿಟ್ಟಿದ್ದಾನೆ, ಮುಠ್ಠಾಳ! ಊರಿಗೂ ಗೊತ್ತಾಗಬಾರದು, ಮಗನೂ ದಾಟಿಬಿಡಬೇಕು ಅನ್ನುವ ಲೆಕ್ಕ… ನೀರಿನಡಿಯ ಹಗ್ಗ ಹುಡುಗನಿಗೆ ಕಾಣುವುದಿಲ್ಲ; ನಡುವೆ ದೋಣಿ ಕಟ್ಟಲಾಗದ ಜಾಗ ನೋಡಿ ದಾರಿ ಬಿಟ್ಟಿದ್ದಾರೆಂದು ನುಗ್ಗುತ್ತಾನೆ. ತಳದಲ್ಲಿ ನೀರು ತಳ್ಳುವ ಫ್ಯಾನಿಗೆ ಹಗ್ಗ ಸುತ್ತಿಕೊಂಡರೆ ಬಾರ್ಜ್ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದರೆ ಅದರ ಕೆಳಗೆ ನಮ್ಮ ದೋಣಿಗಳು, ಜನ.

ಮಾರ್ಚ್ 16

ಸಡಿಲ ಹಗ್ಗದಲ್ಲಿ ನನ್ನ ದೋಣಿ ಹೋಗದು; ಒಬ್ಬ ಮೀನುಗಾರನ ಕೈಕಾಲು ಹಿಡಿದು ಆಚೆ ದಡಕ್ಕೆ ಹೋದೆ. ರಾಟೆಯ ಶೆಡ್ಡಿಗೆ ಬೀಗ. ಮನೆ ಬಾಗಿಲಲ್ಲಿ ತಮ್ಮನ ಹೆಂಡತಿ.

"ಅವರು ಊರಲ್ಲಿಲ್ಲ, ಅತ್ತಿಗೆ."

"ಚಪ್ಪಲಿ ಇಲ್ಲಿಟ್ಟು ಬರಿಗಾಲಲ್ಲಿ ಹೋದ್ನಾ?"

ಸೆರಗು ಬಾಯಿಗಿಟ್ಟು ಅತ್ತಳು. ಒಳಗೆ ಅವನ ಕೆಮ್ಮು ಕೇಳಿಸಿತು. ಒಳಕೋಣೆಯ ಬಾಗಿಲು ಬಡಿದೆ, ಬೈದೆ, ಆಮೇಲೆ ಬೇಡಿಕೊಂಡೆ. ಜನ್ಮದಲ್ಲಿ ಯಾರನ್ನೂ ಬೇಡಿದವಳಲ್ಲ. ತೆರೆಯಲಿಲ್ಲ.

ಹುಡುಗನಿಗೆ ಹೇಳೋಣವೆಂದರೆ ಜೆಟ್ಟಿಯ ಗೇಟಿನಲ್ಲೇ ತಡೆದರು. ಕೆಲಸಗಾರರ ಫೋನೂ ಕಿತ್ತುಕೊಂಡಿದ್ದಾರಂತೆ.

ಮಾರ್ಚ್ 17, ಬೆಳಿಗ್ಗೆ

ತಮ್ಮಾ, ಈ ಹಾಳೆ ಹರಿದು ನಿನ್ನ ಹೆಂಡತಿಯ ಕೈಗೆ ಕಳಿಸುತ್ತಿದ್ದೇನೆ. ಜನರಿಗೆ ಹೇಳಿದರೆ ನಿನ್ನ ಮನೆಗೆ ಕಲ್ಲು ಬೀಳುತ್ತದೆ. ಹೇಳದಿದ್ದರೆ ಹೆಣ ಬೀಳುತ್ತದೆ, ಮೊದಲು ನಿನ್ನ ಮಗನದೇ. ಪೂರ್ತಿ ಬಿಗಿ. ಕಂಡರೆ ಅವನು ನಿಲ್ಲಿಸುತ್ತಾನೆ, ನನಗೆ ಮಾತು ಕೊಟ್ಟಿದ್ದಾನೆ. ಎದೆ ಇಲ್ಲವೋ, ಪೂರ್ತಿ ಬಿಡು. ಅರ್ಧ ಬೇಡ.

ಎರಡೂ ಮಾಡದಿದ್ದರೆ ನನ್ನ ಕಂಬದ ಕೊಂಡಿ ನಾನೇ ಕಳಚಿ ಹಗ್ಗವನ್ನು ಹೊಳೆಗೆ ಬಿಡಬೇಕು. ಅಪ್ಪ ಹಾಕಿದ ಕೊಂಡಿ. ಕಲ್ಲಿದ್ದಲಿಗೆ ದಾರಿ ಬಿಟ್ಟವಳು ಅನ್ನಿಸಿಕೊಂಡು ಈ ದಡದಲ್ಲಿ ಸಾಯಬೇಕು. ಆ ಕೆಲಸ ನನ್ನ ಕೈಯಲ್ಲಿ ಮಾಡಿಸಬೇಡ ಕಣೋ.

ಸ್ಪ್ಯಾನರ್ ಹಿಡಿದು ಕಂಬದ ಬುಡದಲ್ಲೇ ಕೂತಿರುತ್ತೇನೆ. ಹತ್ತೊಂಬತ್ತರ ಸಂಜೆಯೊಳಗೆ ಹಗ್ಗದ ಮೇಲೆ ನಿನ್ನ ಉತ್ತರ ಬೇಕು. ಹಿಡಿಯುತ್ತೀಯೋ, ಬಿಡುತ್ತೀಯೋ —