ಅಮಾವಾಸ್ಯೆಯ ದಿನ ಬಂದ ಚಂದ್ರ

ಮೊಳಕಾಲ್ಮೂರು
ಸೋಮವಾರ, 2-4-2001

ಪ್ರೀತಿಯ ಅವ್ವನಿಗೆ, ನಿನ್ನ ನಾಗರತ್ನ ಕಾಲು ಮುಟ್ಟಿ ಬರೆಯುತ್ತಿದ್ದೇನೆ.

ಮಂಡಿನೋವು ಈಗ ಹೇಗಿದೆ? ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುವಾಗ ಮೂಗಿಗೆ ಸೆರಗು ಅಡ್ಡ ಕಟ್ಟಿಕೋ ಎಂದು ಹೋದ ಸಲವೇ ಹೇಳಿದ್ದೆ. ಕಟ್ಟಿಕೊಳ್ಳುತ್ತಿಲ್ಲ ಎಂದು ನನಗೆ ಇಲ್ಲಿಂದಲೇ ಗೊತ್ತು. ಧೂಳಿನ ಕೆಮ್ಮಿಗೆ ಮೆಣಸು, ಬೆಲ್ಲ ಹಾಕಿ ಕಷಾಯ ಮಾಡಿಕೊಂಡು ಕುಡಿ. ಕರಿ ಮೇಕೆ ಈದಿತೇ? ಎಷ್ಟು ಮರಿ ಹಾಕಿತು? ಇದನ್ನೆಲ್ಲ ನಿನಗೆ ಅಂಜನ್ ಓದಿ ಹೇಳುತ್ತಿರುತ್ತಾನೆ. ಲೇ ತಮ್ಮ, ನಡುನಡುವೆ ಹಾರಿಸಬೇಡ, ಇದರಲ್ಲಿ ನಿನ್ನ ವಿಷಯವೂ ಇದೆ. ಕವರು ನೋಡಿ ಗಾಬರಿಯಾಗಬೇಡಿ. ಯಾರದೋ ಮದುವೆ ಕರೆಯೋಲೆ ಬಂದಿದ್ದ ಕವರನ್ನು ಮಾವ ನಾಜೂಕಾಗಿ ಬಿಚ್ಚಿ, ಒಳಗನ್ನು ಹೊರಗೆ ಮಾಡಿ, ಅನ್ನದ ಅಗುಳಿನಿಂದ ಅಂಟಿಸಿ ಕೊಟ್ಟಿದ್ದಾರೆ. ಒಳಗೆ ಇಣುಕಿದರೆ ಗಣಪತಿ ಕಾಣುತ್ತಾನೆ, ಕೈಮುಗಿಯಿರಿ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ ಅಂಜನ್ ಬರುತ್ತಾನೆ, ಟ್ರಂಕು ತುಂಬಿಕೊಂಡು ತಯಾರಾಗಿರು ಎಂದು ನೀನು ಬಸ್ ಕಂಡಕ್ಟರ ಹತ್ತಿರ ಹೇಳಿ ಕಳಿಸಿದ ಮಾತು ತಲುಪಿತು. ಯುಗಾದಿಯ ದಿನ ಚಳ್ಳಕೆರೆಯ ನಮ್ಮ ಬೀದಿಯ ಜಗದಾಂಬಕ್ಕ ಇಲ್ಲಿಗೆ ಬಂದು ಹೋದಳಲ್ಲ, ಅವಳು ಹೇಳಿದ್ದನ್ನು ಕೇಳಿ ನೀನು ಮಿಲ್ಲಿಗೂ ಹೋಗದೆ ಕಣ್ಣೀರು ಹಾಕುತ್ತಾ ಕುಳಿತಿದ್ದೆಯಂತೆ. 'ಜುಗ್ಗರ ಮನೆಗೆ ಮಗಳನ್ನ ಕೊಟ್ಟು ಕೆಟ್ಟೆ. ಹಬ್ಬದ ದಿನ ಒಂದು ಹೋಳಿಗೆಗೂ ಗತಿ ಇಲ್ಲ. ಇನ್ನು ಆ ಮನೆ ಹೊಸಲು ತುಳಿಯೋಕೆ ಅವಳನ್ನ ಬಿಡೋದಿಲ್ಲ' ಅಂದೆಯಂತೆ. ಅವ್ವ, ಜಗದಾಂಬಕ್ಕ ಕಂಡದ್ದು ಸುಳ್ಳಲ್ಲ. ಆದರೆ ಅವಳು ಕಂಡದ್ದು ಅರ್ಧ ಮಾತ್ರ, ಉಳಿದರ್ಧ ನಾನು ಹೇಳುತ್ತೇನೆ. ಕೇಳಿದ ಮೇಲೂ ಅಂಜನ್‌ನನ್ನು ಕಳಿಸಲೇಬೇಕು ಅನ್ನಿಸಿದರೆ ನಿನ್ನಿಷ್ಟ. ನನಗಂತೂ ಈ ಮನೆ ಬಿಟ್ಟು ಬರಲು ಮನಸ್ಸಿಲ್ಲ.

ನನ್ನ ಮಾವ ಚಿಕ್ಕೀರಪ್ಪ ಜುಗ್ಗ ಎನ್ನುವುದು ನಿಜ. ಅಲ್ಲ ಎಂದು ನಾನು ಬರೆದರೆ ಮೊಳಕಾಲ್ಮೂರೇ ನಗುತ್ತದೆ. ಅವರಿಗೆ ಖರ್ಚು ಎನ್ನುವುದಕ್ಕೆ ಒಂದೇ ಮಾತು, ಅದೂ ತೆಲುಗಿನದು: ದಂಡಗ, ಅಂದರೆ ಸುಮ್ಮನೆ ಪೋಲು. ಸೋಪು ದಂಡಗ, ಬಸ್ ಚಾರ್ಜು ದಂಡಗ, ಹಗಲು ಹೊತ್ತು ಕಾಲಿಗೆ ಚಪ್ಪಲಿ ದಂಡಗ. ಮಗ್ಗದ ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ತೂತು ಕೊರೆದು ಅದರಲ್ಲಿ ಬಲ್ಬು ಇಟ್ಟಿದ್ದಾರೆ. ಆ ಕಡೆಯ ಬೆಳಕಿನಲ್ಲಿ ನಿನ್ನ ಅಳಿಯ ರೇಷ್ಮೆ ಸೀರೆ ನೇಯುತ್ತಾರೆ, ಈ ಕಡೆಯ ಬೆಳಕಿನಲ್ಲಿ ನಾವು ಮುದ್ದೆ ಕಟ್ಟುತ್ತೇವೆ. ಮನೆಯಲ್ಲಿರುವಾಗ ಮಾವ ಅಂಗಿಯನ್ನು ಒಳಹೊರಗಾಗಿ ತೊಡುತ್ತಾರೆ, ಹೊರಮೈ ಬಣ್ಣ ಮಾಸಬಾರದು ಎಂದು. ಪರರ ಮನೆಯಲ್ಲಿ ಟೀ ಕೊಟ್ಟರೆ 'ಸಕ್ಕರೆ ಬ್ಯಾರೆ ಕೊಡ್ರಿ' ಎಂದು ಕೇಳಿ, ಸಪ್ಪೆ ಟೀ ಕುಡಿದು, ಸಕ್ಕರೆಯನ್ನು ಪೇಪರಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಆ ಪೊಟ್ಟಣ ನನ್ನ ಕೈಗೇ ಬರುತ್ತದೆ, 'ನಾಗಮ್ಮ, ಪಾಯಸಕ್ಕೆ ಇಟ್ಕ' ಅನ್ನುತ್ತಾರೆ. ಇನ್ನು ಮಗ್ಗದಿಂದ ಕತ್ತರಿಸಿ ಬಿದ್ದ ಒಂದು ಎಳೆಯನ್ನೂ ಅವರು ಗುಡಿಸಲು ಬಿಡುವುದಿಲ್ಲ, ಎಲ್ಲವನ್ನೂ ಕೂಡಿಸಿ ಹೊಸೆಯುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ರೇಷ್ಮೆ, ಪೊರಕೆಗೆ ಸುತ್ತಿದ ದಾರ ರೇಷ್ಮೆ, ನನ್ನ ಲಂಗದ ಲಾಡಿಯೂ ರೇಷ್ಮೆ. ಚಳ್ಳಕೆರೆಯಲ್ಲಿ ಯಾವ ಮಿಲ್ಲಿನ ಸಾಹುಕಾರನ ಹೆಂಡತಿಗೆ ಈ ಭಾಗ್ಯ ಇದೆ, ನೀನೇ ಹೇಳು. ಒಂದು ಮಾತು ಮಾತ್ರ ಕೇಳು ಅವ್ವ. ಊಟಕ್ಕೆ ಮಾವ ಎಂದೂ ದಂಡಗ ಅಂದವರಲ್ಲ. 'ಹೊಟ್ಟೆ ಕಟ್ಟಿ ಉಳಿಸಿದ್ದನ್ನ ಡಾಕ್ಟ್ರಿಗೆ ಕೊಡ್ಬೇಕಾಗ್ತೈತೆ, ತಿನ್ರಿ' ಎಂದು ಇನ್ನೊಂದು ಮುದ್ದೆ ಹಾಕಿಸುತ್ತಾರೆ. ನಾನು ಬಂದಾಗ ತಂದ ರವಿಕೆಗಳು ಈಗ ತೋಳಿಗೆ ಹಿಡಿಯುತ್ತಿವೆ.

ಯುಗಾದಿಯ ಕಥೆ ಹೀಗಿದೆ. ಮಗ್ಗದ ಮೇಲೆ ಒಂದು ಮದುವೆ ಸೀರೆ ಇದ್ದುದರಿಂದ ನಾವು ಹಬ್ಬಕ್ಕೆ ಅಲ್ಲಿಗೆ ಬರಲಾಗಲಿಲ್ಲ, ಅದು ನಿನಗೆ ಗೊತ್ತು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರ ಅಮಾವಾಸ್ಯೆ, ಮಂಗಳವಾರ ಯುಗಾದಿ ಎಂದು ಕೆಂಪಕ್ಷರದಲ್ಲಿ ಇತ್ತು. ಅಮಾವಾಸ್ಯೆ ಎಂದು ಸೋಮವಾರ ಮಗ್ಗಕ್ಕೆ ರಜೆ ಕೊಟ್ಟು, ನಾಳೆಯ ಹಬ್ಬಕ್ಕೆಂದು ನಾನೂ ಅತ್ತೆಯೂ ಅಟ್ಟದ ಮಸಿ ಹೊಡೆಯಲು ನಿಂತೆವು. ಹೊರಗೆ ನೋಡಿದರೆ ಎದುರು ಮನೆಯವರು ಮಾವಿನ ತೋರಣ ಕಟ್ಟುತ್ತಿದ್ದಾರೆ. ಪಕ್ಕದ ಮನೆಯಿಂದ ಹೋಳಿಗೆಯ ವಾಸನೆ. ಅತ್ತೆ ಸೊಂಟಕ್ಕೆ ಕೈಯಿಟ್ಟು 'ಏನ್ರೀ, ಊರೆಲ್ಲ ಇವತ್ತೇ ಹಬ್ಬ ಮಾಡ್ತೈತಲ್ಲ' ಅಂದರು. ಮಾವ ಕ್ಯಾಲೆಂಡರಿಗೆ ಬೆರಳು ಕುಟ್ಟಿ 'ಅಚ್ಚಾಗಿರೋದು ಸುಳ್ಳಾಗ್ತೈತೇನೆ ಮಂಜಿ? ಅವ್ರಿಗೆ ಹೋಳಿಗೆ ತಿನ್ನೋ ಅವಸರ' ಅಂದರು. ರೇಡಿಯೋ ಹಾಕಿ ಕೇಳೋಣ ಎಂದರೆ ಅದರ ಸೆಲ್ಲುಗಳು ಬಿಸಿಲಿನಲ್ಲಿ ಒಣಗುತ್ತಿದ್ದವು. ಬಿಸಿಲಿಗೆ ಇಟ್ಟರೆ ಸೆಲ್ಲಿಗೆ ಮತ್ತೆ ಜೀವ ಬರುತ್ತದೆ ಎಂದು ಮಾವನ ಲೆಕ್ಕ.

ಆ ಹೊತ್ತಿಗೇ ಜಗದಾಂಬಕ್ಕ ಬಾಗಿಲಿಗೆ ಬಂದಳು. ಹಬ್ಬಕ್ಕೆಂದು ಇಲ್ಲಿ ತಂಗಿಯ ಮನೆಗೆ ಬಂದವಳು ನನ್ನನ್ನೂ ನೋಡಿಕೊಂಡು ಹೋಗೋಣ ಎಂದು ಬಂದಿದ್ದಳು. ಬಾಗಿಲಿಗೆ ತೋರಣ ಇಲ್ಲ, ಒಲೆಯ ಮೇಲೆ ಪಾತ್ರೆ ಇಲ್ಲ, ನಾನು ಹರಕು ಸೀರೆ ಉಟ್ಟು, ತಲೆಗೆ ಬಟ್ಟೆ ಸುತ್ತಿ, ಮುಖವೆಲ್ಲ ಮಸಿ ಮಾಡಿಕೊಂಡು ನಿಂತಿದ್ದೆ. 'ಏನೇ ನಾಗೂ, ಎಣ್ಣೆ ನೀರು ಹಾಕ್ಕಂಡಿಲ್ವಾ?' ಅಂದಳು. 'ನಮ್ಮನೇಲಿ ಯುಗಾದಿ ನಾಳೆ ಅಕ್ಕಾ' ಅಂದೆ. 'ಊರಿಗೆಲ್ಲ ಒಂದು ಯುಗಾದಿ, ನಿಮ್ಮನೆಗೊಂದು ಬ್ಯಾರೆನಾ?' ಎಂದು ನನ್ನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಮಾವ ಅಂಗಿಯ ಹೊಲಿಗೆಯೆಲ್ಲ ಹೊರಗೆ ಕಾಣುವಂತೆ ತೊಟ್ಟುಕೊಂಡು ಬಂದು 'ಕುತ್ಕಳಮ್ಮ, ನೀರು ಕುಡೀತೀಯಾ?' ಎಂದು ಕೇಳಿದರು. ಅವಳು ಕೂರಲೇ ಇಲ್ಲ. ಮನೆತನದ ಮರ್ಯಾದೆ ಮುಚ್ಚಲು ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಹೊರಟುಬಿಟ್ಟಳು. ಅಲ್ಲಿಂದ ಸೀದಾ ನಿನ್ನ ಹತ್ತಿರ ಬಂದಿದ್ದಾಳೆ.

ಅವಳು ಸಂಜೆಯವರೆಗೆ ಇದ್ದಿದ್ದರೆ ನಗುತ್ತಾ ಬರುತ್ತಿದ್ದಳು. ಮಧ್ಯಾಹ್ನದಿಂದಲೇ ಬೀದಿಯವರೆಲ್ಲ, ಪಾಪ ಚಿಕ್ಕೀರಪ್ಪನ ಮನೆಯಲ್ಲಿ ಹಬ್ಬವೇ ಇಲ್ಲ, ಹೊಸ ಸೊಸೆ ಬೇರೆ ಇದ್ದಾಳೆ ಎಂದು ಮನೆಗೊಂದು ತಟ್ಟೆಯಂತೆ ಹೋಳಿಗೆ ತಂದುಕೊಟ್ಟರು. ಬೇಡ ಅನ್ನುವುದು ಮಾವನ ಜಾಯಮಾನವಲ್ಲ. 'ನಾಳೆ ಹಬ್ಬಕ್ಕೆ ಆತು, ಮುಚ್ಚಿಡ್ರಿ' ಅಂದರು. ಹೊತ್ತು ಮುಳುಗುವಾಗ ಜನರೆಲ್ಲ ಚಂದ್ರನನ್ನು ನೋಡಲು ಮಾಳಿಗೆ ಹತ್ತಿದರು. ಅತ್ತೆಯೂ ಹತ್ತಿದರು, ಹಿಂದೆ ನಾನು. ಪಡುವಣದಲ್ಲಿ ಒಂದೆಳೆ ಜರಿಯಂತೆ ಚಂದ್ರ ಇದ್ದ. ಅತ್ತೆ ಮೇಲಿನಿಂದಲೇ ಕೂಗಿದರು, 'ಏನ್ರೀ, ಅಮಾಸೆ ದಿನ ಚಂದ್ರ ಎಲ್ಲಿಂದ ಬಂದ?' ಮಾವ ಮೇಲೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿ, 'ಒಂದು ದಿನ ಮುಂಚೇನೇ ಬಂದವ್ನೆ' ಅಂದರು. ಬೀದಿಗೆ ಬೀದಿಯೇ ಮಾಳಿಗೆಗಳ ಮೇಲೆ ನಿಂತು ನಕ್ಕಿತು.

ಅತ್ತೆ ಸುಮ್ಮನಿರುವವರಲ್ಲ. ಕೆಳಗಿಳಿದು ಕ್ಯಾಲೆಂಡರನ್ನೇ ಗೋಡೆಯಿಂದ ಕಿತ್ತು ಬಲ್ಬಿನ ತೂತಿನ ಹತ್ತಿರ ಹಿಡಿದರು. ಇಸವಿ ಇರಬೇಕಾದ ಜಾಗದಲ್ಲಿ ಬೆಂಕಿಪೊಟ್ಟಣದ ಲೇಬಲ್ ಅಂಟಿಸಿತ್ತು. ಉಗುರಿನಿಂದ ಅದನ್ನು ಎಬ್ಬಿಸಿದರೆ ಕೆಳಗೆ 1990 ಎಂದಿದೆ. ಮಾವ ತಲೆ ಕೆರೆದುಕೊಂಡು ಎಲ್ಲ ಹೇಳಿದರು. ನೂಲಿನ ಅಂಗಡಿಯವರು ಹೊಸ ಕ್ಯಾಲೆಂಡರ್ ಕೊಟ್ಟಿದ್ದರಂತೆ. ಅದಕ್ಕೆ ಹಾಕಿದ್ದ ರಬ್ಬರ್ ಬ್ಯಾಂಡನ್ನು ಮಾತ್ರ ಉಳಿಸಿಕೊಂಡು, ಕ್ಯಾಲೆಂಡರನ್ನು ಯಾರದೋ ಗೃಹಪ್ರವೇಶಕ್ಕೆ ಮುಯ್ಯಿ ಕೊಟ್ಟು ಬಂದರಂತೆ. ಆಮೇಲೆ ಅಟ್ಟದಲ್ಲಿದ್ದ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಹರಡಿ ಹುಡುಕಿದರೆ, ತೊಂಬತ್ತರ ವರ್ಷದ್ದು ತಾರೀಖಿಗೆ ತಾರೀಖು, ವಾರಕ್ಕೆ ವಾರ ಈ ವರ್ಷಕ್ಕೆ ಕೂಡಿಬಂತಂತೆ. 'ಎಲ್ಲ ಸರಿಯಾಗಿ ಕೂಡ್ತು ಮಾರಾಯ್ತಿ. ಚಂದ್ರ ಒಬ್ಬ ಕೈಕೊಟ್ಟ' ಅಂದರು. ನಿನ್ನ ಅಳಿಯ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಕ್ಯಾಲೆಂಡರನ್ನು ಸುತ್ತಿ ಮಾವನ ಬೆನ್ನಿಗೆ ಒಂದು ಕೊಟ್ಟರು. 'ಮೆಲ್ಲಗೆ ಕಣೆ, ಹರಿದೀತು' ಅಂದರು ಮಾವ.

ಈಗ ಮಂಗಳವಾರದ ಮಾತು ಕೇಳು. ಹಬ್ಬ ಬಿಡಬಾರದು ಎಂದು ಅತ್ತೆ ಹಟ ಹಿಡಿದು ಎಲ್ಲರಿಗೂ ಎಣ್ಣೆ ನೀರು ಹಾಕಿದರು. ಮಾವ ಪೇಟೆಗೆ ಹೋದರು. ಹಿಂದಿನ ದಿನ ಬೆಲೆಗೆ ಮುಟ್ಟಲಾಗದಿದ್ದ ಸೇವಂತಿಗೆಯ ಬುಟ್ಟಿಯನ್ನೇ ಹೂವಿನ ಸಾಬರು 'ಲೇಜಾವ್ ಯಜಮಾನ್ರೆ, ಎಲ್ಲ ತಗಂಡು ಹೋಗ್ರಿ, ನಾಳೆಗೆ ಬಾಡಿ ಹೋಗ್ತಾವೆ' ಎಂದು ಬಗ್ಗಿಸಿದರು. ಮಾವಿನ ಸೊಪ್ಪಿಗೆ ಕಾಸೇ ಕೇಳಲಿಲ್ಲ. ಬಾಳೆಹಣ್ಣು ಅರ್ಧಕ್ಕರ್ಧ. ಹೋಳಿಗೆ ಹೇಗೂ ಮನೆಯಲ್ಲಿತ್ತು. ಹಿಂದಿನ ದಿನದ ಹೋಳಿಗೆಗೆ ತುಪ್ಪ ಹಾಕಿ ಬಿಸಿ ಮಾಡಿದರೆ ಅದರ ರುಚಿಯೇ ಬೇರೆ, ನೀನೇ ಹೇಳುತ್ತಿದ್ದೆಯಲ್ಲ. ಸೇವಂತಿಗೆ ಎಷ್ಟಿತ್ತೆಂದರೆ ಬಾಗಿಲಿಗೆ, ದೇವರಿಗೆ, ಮಗ್ಗಕ್ಕೆ ಹಾಕಿ ಉಳಿದದ್ದನ್ನು ಅತ್ತೆ ನನ್ನ ಜಡೆಯ ತುದಿಯವರೆಗೆ ಮುಡಿಸಿದರು. ನಮ್ಮ ಮದುವೆಯಲ್ಲೂ ನಾನು ಅಷ್ಟು ಹೂವು ಮುಡಿದಿರಲಿಲ್ಲ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಮಾವ 'ಇಷ್ಟು ವರ್ಷ ಈ ದಾರಿ ಕಾಣ್ಲಿಲ್ವಲ್ಲ. ಇನ್ನು ಮೇಲೆ ನಮ್ಮನೆ ಹಬ್ಬ ಎಲ್ಲ ಒಂದು ದಿನ ತಡ' ಎಂದು ಸಾರಿಬಿಟ್ಟರು. ಈ ವರ್ಷ ಅಧಿಕ ಮಾಸ ಬರುತ್ತದೆ, ದಸರಾ ದೀಪಾವಳಿ ಮಾವನ ಹಳೆಯ ಕ್ಯಾಲೆಂಡರಿಗಿಂತ ತಿಂಗಳು ತಡವಾಗಿ ಬರುತ್ತವೆ ಎಂದು ಗುಡಿಯ ಅಯ್ಯನವರು ಹೆದರಿಸಿದರೆ, 'ಒಳ್ಳೇದೇ ಆತು, ತಿಂಗಳು ಮುಂಚೆ ಪಟಾಕಿ ಯಾರು ಕೊಳ್ತಾರೆ, ರೇಟು ಬಿದ್ದಿರ್ತೈತೆ' ಅಂದರಂತೆ.

ನಗು ಬಂತೇ ಅವ್ವ? ಬಂದಿದ್ದರೆ ಭಾನುವಾರ ಅಂಜನ್‌ನನ್ನು ಕಳಿಸಬೇಡ. ನಾನು ಇಲ್ಲಿ ಹಸಿದಿಲ್ಲ, ಅತ್ತಿಲ್ಲ. ಬೇರೆಯವರ ಮನೆಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ದೀಪ ಇರುತ್ತದೆ, ಅವರವರು ಅವರವರ ಕೋಣೆಯಲ್ಲಿ ಕೂರುತ್ತಾರೆ. ನಮ್ಮಲ್ಲಿ ಉರಿಯುವುದು ಒಂದೇ ದೀಪ, ನಾಲ್ವರೂ ಅದರ ಸುತ್ತಲೇ ಇರುತ್ತೇವೆ. ಗೋಡೆಯ ತೂತಿನಿಂದ ನಿನ್ನ ಅಳಿಯ ಏನಾದರೂ ತಮಾಷೆ ಮಾಡುತ್ತಾರೆ, ನಾನು ಈ ಕಡೆಯಿಂದ ಉತ್ತರ ಕೊಡುತ್ತೇನೆ. ನನಗೆ ಅಲ್ಲಿಗೆ ಬಂದರೆ ನಿದ್ದೆ ಹತ್ತಲಿಕ್ಕಿಲ್ಲ. ಜಗದಾಂಬಕ್ಕನಿಗೆ ಇದನ್ನು ಓದಿಸು, ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳು, ಮುಂದಿನ ಸಲ ಒಂದು ದಿನ ತಡವಾಗಿ ಬರಲು ಹೇಳು.

ಮಾವ, ಅತ್ತೆ ನಿನ್ನನ್ನು ಕೇಳಿದ್ದಾರೆ. ಅಂಜನ್‌ಗೆ ಅಕ್ಕನ ಆಶೀರ್ವಾದ, ಮೇಕೆಮರಿಗಳಿಗೆ ಮುತ್ತು. ನೀನು ಮಂಡಿಗೆ ಎಣ್ಣೆ ಹಚ್ಚಿಕೊಂಡು ಬೇಗ ಮಲಗು.

ಇಂತಿ ನಿನ್ನ ಮಗಳು
ನಾಗರತ್ನ

ಮರೆತಿದ್ದೆ: ಪತ್ರ ಒಯ್ಯುವವರು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಜನ್ ಬರಲಿ ಅವ್ವ, ಆದರೆ ಈಗಲ್ಲ. ಸೆಪ್ಟೆಂಬರಿನಲ್ಲಿ ನೀನೂ ಅವನೂ ಹಸಿರು ಬಳೆ ತೆಗೆದುಕೊಂಡು ಬನ್ನಿ, ಆಗ ಟ್ರಂಕು ತುಂಬಿಕೊಂಡು ಬರುತ್ತೇನೆ. ನರ್ಸಮ್ಮ ನವೆಂಬರ್ ಮೊದಲ ವಾರ ಎಂದಿದ್ದಾರೆ. ತಾರೀಖಿನಲ್ಲಿ ಹೇಳಿದ್ದರಿಂದ ಯಾವ ಕ್ಯಾಲೆಂಡರಿನಲ್ಲಿ ನೋಡಿದರೂ ಒಂದೇ. ಸುದ್ದಿ ಕೇಳಿ ಮಾವ ಸೀದಾ ಎದ್ದು ಪೇಟೆಗೆ ಹೋಗಿ, ಅಡುಗೆಮನೆಗೆ ಬೇರೆಯೇ ಒಂದು ಬಲ್ಬು ತಂದು ಹಾಕಿಸಿದರು. 'ಕತ್ತಲಲ್ಲಿ ಎಡವಬ್ಯಾಡ' ಅಂದರು, ದಂಡಗ ಅನ್ನಲಿಲ್ಲ. ಅವರು ಅತ್ತ ಹೋದ ಕೂಡಲೇ ನಾನೇ ಅದನ್ನು ಆರಿಸುತ್ತೇನೆ, ಉರಿಸಲು ಮನಸ್ಸೇ ಬರುವುದಿಲ್ಲ. ಇನ್ನೊಂದು ವಿಷಯ. ಅಲ್ಲಿ ನಮ್ಮ ಅಡುಗೆಮನೆಯ ಗೂಡಿನಲ್ಲಿ ಹಿಟ್ಟಿನ ಡಬ್ಬಿಗಳ ಕೆಳಗೆ ನೀನು ಹಾಸಿದ್ದೀಯಲ್ಲ ಮಿಲ್ಲಿನ ಕ್ಯಾಲೆಂಡರ್, ಅದು ತೊಂಬತ್ತೊಂದರದು. ಇಲ್ಲಿ ಅಟ್ಟದಲ್ಲಿದ್ದ ಅದೇ ವರ್ಷದ್ದನ್ನು ಇಲಿ ತಿಂದಿದೆ. ನೀನು ಅದನ್ನು ಬಿಸಾಡಬೇಡ, ನೀರು ಚೆಲ್ಲದಂತೆ ನೋಡಿಕೋ. ಬರುವ ವರ್ಷಕ್ಕೆ ತಾರೀಖು, ವಾರ ಎಲ್ಲ ಕೂಡುತ್ತವೆ, ನಾನೇ ಲೆಕ್ಕ ಹಾಕಿ ನೋಡಿದ್ದೇನೆ. ನಿನ್ನ ಮೊಮ್ಮಗುವಿಗೆ ಹಲ್ಲು ಬಂದದ್ದು, ಹೆಜ್ಜೆ ಇಟ್ಟದ್ದು, ಎಲ್ಲ ಅದರಲ್ಲೇ ಗುರುತು ಹಾಕೋಣ.