ಅಂಚು ಕತ್ತರಿಸದ ಪ್ರತಿ

ಮಾರ್ಚ್ 4, ಸಂಜೆ

ಇಂದು ನಲವತ್ತು ಪುಸ್ತಕ ಹೊಲಿದೆ. ಈ ಬೈಂಡಿಂಗ್ ಕೋಣೆಯಲ್ಲಿ ಇಂಥ ಕೈ ಇನ್ನೊಂದಿಲ್ಲ — ನಾನು ಹೇಳುವುದಲ್ಲ, ದಾರವೇ ಹೇಳುತ್ತದೆ.

ಕಟಿಂಗ್ ಮಷೀನಿನ ಬ್ಲೇಡು ಸಾಣೆಗೆ ಹೋಗಿದೆ. ಅಂಚು ಕತ್ತರಿಸುವ ಸೊಸೆಗೆ ಕೆಲಸವಿಲ್ಲ. ಬಾಯಿಗೆ ಮಾತ್ರ ರಜೆಯಿಲ್ಲ. ಹಳೇ ಮಷೀನು ಬದಲಿಸಿ ಎಂದು ಪ್ರೆಸ್ಸಿನ ಯಜಮಾನರ ಜೊತೆ ಜಗಳ. "ನಾಳೆ ನನ್ ಕೈ ಹೋದ್ರೆ ನೀವು ಬೈಂಡ್ ಮಾಡಿ ಕೊಡ್ತೀರಾ?" ಇಡೀ ಪ್ರೆಸ್ಸಿಗೆ ಕೇಳಿಸಿತು. ಹೇಳಿದ್ದು ಸರಿಯೇ. ಅವಳೆದುರು ಒಪ್ಪುವುದಿಲ್ಲ, ತಲೆ ಮೇಲೆ ಕೂರುತ್ತಾಳೆ.

ಐದಕ್ಕೆ ಯಜಮಾನರ ತಮ್ಮ ಬಂದ. ಪ್ರೆಸ್ಸು ಮಾರು ಮಾರು ಎಂದು ಅಣ್ಣನ ಪ್ರಾಣ ತಿನ್ನುವವನು. ಹೊಸ ಕಾದಂಬರಿಯ ಮೊದಲ ಪ್ರತಿ ಬೇಕಂತೆ. "ಇನ್ನೂ ಅಂಚು ಕತ್ತರಿಸಿಲ್ಲಪ್ಪಾ" ಎನ್ನುವಷ್ಟರಲ್ಲಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ.

ಮಾರ್ಚ್ 5

ಯಜಮಾನರು ಹೋದರು. ಪುಸ್ತಕದ ಮೇಲೆ ಹೇರುವ ಕಬ್ಬಿಣದ ಗಟ್ಟಿಯಿಂದ ಯಾರೋ ತಲೆಗೆ ಹೊಡೆದಿದ್ದಾರೆ. ಗೋಡೌನಿನಲ್ಲಿ, ನಿನ್ನೆ ಏಳರ ಹೊತ್ತಿಗೆ.

ಸೊಸೆಯನ್ನು ಪೊಲೀಸರು ಕರೆದೊಯ್ದರು. ಜಗಳವಾಡಿದ್ದಳಲ್ಲ... ಆ ಹೊತ್ತಿಗೆ ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಳು. ಕಂಡವರಿಲ್ಲ. ಜೀಪು ಹತ್ತುವಾಗಲೂ, "ಅತ್ತೆ, ಒಲೆ ಮೇಲೆ ಹಾಲಿದೆ!"

ಮೊಮ್ಮಗಳು ಬಾಗಿಲು ಬಿಟ್ಟು ಏಳುತ್ತಿಲ್ಲ.

ಮಾರ್ಚ್ 8

ತಮ್ಮನ ಮನೆಗೆ ಸಂತಾಪ ಹೇಳಲು ಹೋದೆ. ಇನ್‌ಸ್ಪೆಕ್ಟರೂ ಇದ್ದರು. ತಮ್ಮ ಕಣ್ಣೊರೆಸಿಕೊಂಡ. "ಆವತ್ತು ಆರರಿಂದ ಒಂಬತ್ತರವರೆಗೂ ಇಲ್ಲೇ ಕೂತು ಆ ಕಾದಂಬರಿ ಪೂರ್ತಿ ಓದಿದೆ ಅಜ್ಜಿ. ಅಣ್ಣ ಅಲ್ಲಿ ಸಾಯ್ತಿದ್ದಾಗ ನಾನು ಪುಟ ತಿರುಗಿಸ್ತಿದ್ದೆ!"

ಪುಸ್ತಕ ಮೇಜಿನ ಮೇಲೇ ಇತ್ತು. ಎತ್ತಿಕೊಂಡೆ. ನನ್ನದೇ ಹೊಲಿಗೆ. ಇನ್‌ಸ್ಪೆಕ್ಟರ್ ಕೈಗಿಟ್ಟೆ.

"ಸಾಹೇಬ್ರೇ, ಎರಡನೇ ಪುಟ ಓದಿ."

ತಿರುವಿದರು, ಇಣುಕಿದರು. "ಅಂಟ್ಕೊಂಡಿದೆಯಲ್ಲಮ್ಮ?"

"ಅಂಟಿಲ್ಲ, ಮಡಿಕೆ. ದೊಡ್ಡ ಹಾಳೆ ಮಡಿಸಿ ಹೊಲೀತೀವಿ. ಅಂಚು ಕತ್ತರಿಸೋವರೆಗೂ ಪುಟ ಬಿಚ್ಕೊಳ್ಳಲ್ಲ. ಇದ್ರಲ್ಲಿ ಒಂದು ಮಡಿಕೇನೂ ಸೀಳಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಮುಚ್ಚಿದ ಪುಸ್ತಕ ಓದೋ ವಿದ್ಯೆ ನಮ್ ಮೇಷ್ಟ್ರು ಹೇಳ್ಕೊಡ್ಲಿಲ್ಲ."

ತಮ್ಮನ ಮುಖಕ್ಕೆ ಯಾರೋ ಸುಣ್ಣ ಬಳಿದಂತಾಯಿತು.

ಮಾರ್ಚ್ 10

ಅವನ ಕಾರಿನಲ್ಲಿ ರಕ್ತದ ಅಂಗಿ ಸಿಕ್ಕಿತಂತೆ. ಒಪ್ಪಿಕೊಂಡನಂತೆ.

ಸೊಸೆ ಬಂದಳು. ಮಗಳನ್ನು ಅಪ್ಪಿಕೊಂಡೇ ಕೇಳಿದಳು, "ಅತ್ತೆ, ಹಾಲು?"

"ಉಕ್ಕಿ, ಸೀದು, ಕರಕಲಾಯ್ತು. ಪಾತ್ರೆ ನಿಂಗೇ ಅಂತ ಇಟ್ಟಿದ್ದೀನಿ."

ನಕ್ಕಳು. ಆಮೇಲೆ ಅತ್ತಳು. "ಅಷ್ಟು ಓದಿದೋರಿಗೆ ಹೊಳೀದಿದ್ದು ನಿಮಗೆ ಹೊಳೀತಲ್ಲ."

"ಅವ್ರು ಓದ್ತಾರೆ ಕಣೇ. ನಾನು ಹೊಲೀತೀನಿ."

ಮಾರ್ಚ್ 12, ಮಧ್ಯಾಹ್ನ

ಬ್ಲೇಡು ಬಂತು. ಸೊಸೆ ಕತ್ತರಿಸಿದ ಅಂಚು ನೋಡಬೇಕು — ಕೆನೆಯ ಮೇಲೆ ಬೆರಳಾಡಿಸಿದ ಹಾಗೆ. ಆ ಕಾದಂಬರಿಯ ಮೊದಲು ಕತ್ತರಿಸಿದ ಪ್ರತಿ ನನ್ನ ಕೈಗಿಟ್ಟಳು. ನಲವತ್ತು ವರ್ಷದಲ್ಲಿ ಹೊಲಿದ ಒಂದನ್ನೂ ಓದಿರಲಿಲ್ಲ. ನಿಧಾನಕ್ಕೆ ಓದುತ್ತಾ ಹನ್ನೊಂದನೇ ಪುಟಕ್ಕೆ ಬಂದಿದ್ದೇನೆ. ಬರಹ ಸುಮಾರು. ಆದರೆ ಹೊಲಿಗೆ —